ಅಡತಿ ಅಂಗಡಿಯ ಹೊಸ ಪ್ರೋಗ್ರಾಮು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆಳಂದದ ಒಂದು ಅಡತಿ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ರೈತರು ತಂದ ತೊಗರಿಯನ್ನು ಮಾರಿಸಿಕೊಟ್ಟು ಕಮಿಷನ್ ತೆಗೆದುಕೊಳ್ಳುವ ಅಂಗಡಿ ಅದು. ನನ್ನೂರು ಜೇವರ್ಗಿ ತಾಲ್ಲೂಕಿನ ಕೊಳಕೂರ. ಕಲಬುರಗಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ, ಆಳಂದದ ಕಾಕನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಆ ಸಾಲಿನಲ್ಲಿ ಕಂಪ್ಯೂಟರ್ ಇದ್ದ ಅಂಗಡಿ ನಮ್ಮದೊಂದೇ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಹೆಣ್ಣುಮಗಳೂ ನಾನೊಬ್ಬಳೇ. ಹಮಾಲರು ಚೀಲ ಹೊತ್ತು ಹಾಯುವಾಗ ನನ್ನ ಕಿಟಕಿಯಲ್ಲಿ ಒಮ್ಮೆ ಇಣುಕಿಯೇ ಮುಂದೆ ಹೋಗುತ್ತಿದ್ದರು.

ಅಂಗಡಿಗೆ ಇಬ್ಬರು ಮಾಲೀಕರು. ಒಬ್ಬರು ಸಾಹುಕಾರರು. ಇನ್ನೊಬ್ಬರು ಅವರ ಬಾಲ್ಯದ ಗೆಳೆಯ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಸಾಹುಕಾರರು ಗಾದಿಯ ಮೇಲೆ ಕೂತು ವ್ಯವಹಾರ ನೋಡಿದರೆ, ಚಾಚಾ ಅಂಗಳದಲ್ಲಿ ನಿಂತು ತೂಕ ಮಾಡಿಸುತ್ತಿದ್ದರು. ಮಧ್ಯಾಹ್ನದವರೆಗೂ ಜಗಳಾಡಿ, ಆಮೇಲೆ ಒಂದೇ ಡಬ್ಬಿಯ ಜೋಳದ ರೊಟ್ಟಿ ಹಂಚಿಕೊಂಡು ಉಣ್ಣುವ ಜೋಡಿ ಅದು.

ಆಗ ನಮ್ಮಲ್ಲಿದ್ದದ್ದು ಕಪ್ಪು ತೆರೆಯ ಹಳೆಯ ಪ್ರೋಗ್ರಾಮು. ರೈತನ ಹೆಸರು, ತೂಕ, ದರ ಒತ್ತಿದರೆ ಸಾಕು, ಪ್ರಿಂಟರ್ ಟರ್ರೆಂದು ಲೆಕ್ಕದ ಪಟ್ಟಿ ಹೊರಹಾಕುತ್ತಿತ್ತು. ಆದರೆ ಇರುವುದೆಲ್ಲ ಇಂಗ್ಲಿಷಿನಲ್ಲಿ. ರೈತರು ಆ ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಏನು ಬರೆದಿದೆ ಎಂದು ಕೇಳಿದವರನ್ನು ಚಾಚಾ ನನ್ನ ಹತ್ತಿರ ಕಳಿಸುತ್ತಿದ್ದರು. ಅವರಿಗೆ ಉರ್ದು, ಕನ್ನಡ ಎರಡೂ ಚೆನ್ನಾಗಿ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ.

ಒಂದು ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ, ಪ್ರೋಗ್ರಾಮು ಮಾರುವವನು ಸೊಲ್ಲಾಪುರದಿಂದ ಫ್ಲಾಪಿಗಳ ಕಟ್ಟು ಹಿಡಿದು ಬಂದ. ಹೊಸದು ಕನ್ನಡದಲ್ಲೇ ಪಟ್ಟಿ ಕೊಡುತ್ತದೆ ಎಂದ. ಹಾಕಿ ತೋರಿಸಿದ. ತೆರೆಯ ಮೇಲೆ ಬಣ್ಣ ಬಂತು, ಮರಳುಗಡಿಯಾರದ ಒಂದು ಚಿತ್ರ ಬಂತು, ಅದು ಹೋಗಲೇ ಇಲ್ಲ. ಸಾಹುಕಾರರು ಕನ್ನಡಕ ಏರಿಸಿ ನೋಡಿ, ಈ ಡಮರು ಎಷ್ಟೊತ್ತು ಕೂತಿರುತ್ತದೆ ಎಂದು ಕೇಳಿದರು. ಕೊನೆಗೆ ಪ್ರಿಂಟರ್ ಚಲಿಸಿತು. ಕೌದಿ ಹೊಲಿಯುವ ಮುದುಕಿಯಂತೆ ಒಂದೇ ಸಾಲಿನ ಮೇಲೆ ಹೋಗಿ ಬಂದು, ಹೋಗಿ ಬಂದು ಅಕ್ಷರ ಮೂಡಿಸಿತು. ಯಂತ್ರದ ಮೆಮೊರಿ ಸಾಲದು, ಹೆಚ್ಚಿನದನ್ನು ಸಂಕ್ರಾಂತಿ ಕಳೆದ ಮೇಲೆ ತರಿಸಿಕೊಡುತ್ತೇನೆ, ಅಲ್ಲಿಯತನಕ ಎರಡೂ ಇರಲಿ, ಯಾವುದನ್ನು ನಡೆಸುವುದೆಂದು ನೀವೇ ನೋಡಿ ಎಂದು ಹೇಳಿ ಅವನು ಬಸ್ ಹತ್ತಿದ.

ಅಂದಿನಿಂದ ಅಂಗಡಿಯಲ್ಲಿ ಅದೇ ಮಾತು.

"ಸುಗ್ಗ್ಯಾಗ ಮಂದಿ ಸಾಲು ಹಚ್ಚಿ ನಿಂತಿರ್ತಾರ. ಇದು ಹಿಂಗ ಕುಂತ್ರ ಎಲ್ಲಾರೂ ಬಾಜೂ ಅಂಗಡಿಗಿ ಹೋಗ್ತಾರ," ಎಂದರು ಸಾಹುಕಾರರು.

"ತಮ್ಮ ಮಾಲಿನ ಪಟ್ಟಿ ತಮಗ ಓದಾಕ ಬರಲಿಲ್ಲಂದ್ರ, ಅದು ಎಂಥಾ ಪಟ್ಟಿ?" ಎಂದರು ಚಾಚಾ.

ಇಬ್ಬರೂ ನನ್ನತ್ತ ತಿರುಗಿದರು. ನಾನು ಹಳೆಯದೇ ಇರಲಿ ಎಂದೆ. ಹೊಸದನ್ನು ಹಾಕಿ ನೋಡುವಾಗ ಯಂತ್ರ ನಿಂತರೆ ಅಂಗಳದ ಕಣ್ಣೆಲ್ಲ ನನ್ನ ಮೇಲೆ ಇರುತ್ತಿತ್ತು, ನನಗೇ ಏನೂ ಬಾರದು ಎಂಬಂತೆ. ಚಾಚಾ ವಾದಿಸಲಿಲ್ಲ. ಸುಗ್ಗಿಯಲ್ಲಿ ಒಂದೇ ಒಂದು ದಿನ ಹೊಸದನ್ನು ನಡೆಸಿ ನೋಡೋಣ ಎಂದಷ್ಟೇ ಕೇಳಿಕೊಂಡರು.

ತೊಗರಿ ರಾಶಿ ಶುರುವಾಗಿ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ಒಂದು ದಿನ ನಡೆಸಿದೆವು. ಬೆಳಿಗ್ಗೆಯೇ ಯಂತ್ರ ನಿಂತುಬಿಟ್ಟಿತು. ನಾನು ಬೆವರುತ್ತ ಹಳೆಯದನ್ನು ತೆರೆದು ಕೆಲವರಿಗೆ ಇಂಗ್ಲಿಷ್ ಪಟ್ಟಿ ಕೊಟ್ಟು, ಮತ್ತೆ ಹೊಸದಕ್ಕೆ ಬಂದೆ. ಅಫಜಲಪುರದ ಕಡೆಯ ಟ್ರ್ಯಾಕ್ಟರಿನವನೊಬ್ಬ ಕಾದು ಬೇಸತ್ತು, ಚೀಲ ಇಳಿಸದೆಯೇ ಪಕ್ಕದ ಅಂಗಡಿಗೆ ತಿರುಗಿಸಿಕೊಂಡು ಹೋದ. ಸಾಹುಕಾರರು ಚಾಚಾನನ್ನು ನೋಡಿದರು. ಚಾಚಾ ತಕ್ಕಡಿಯನ್ನು ನೋಡಿದರು.

ಆಗ ಹಿರೋಳ್ಳಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳ ಪಾಳಿ ಬಂತು. ಪಟ್ಟಿ ಕೈಗೆ ಬಂದಾಗ ಮಡಚಲು ಹೋದವಳು ಹಾಗೇ ನಿಂತಳು. ಅವಳ ಊರಿನಲ್ಲಿ ದೊಡ್ಡವರಿಗಾಗಿ ಅಕ್ಷರ ಕಲಿಸುವ ಶಾಲೆ ನಡೆದಿತ್ತಂತೆ, ಅಲ್ಲಿ ಕಲಿತಿದ್ದಳು. ಬೆರಳಿಟ್ಟು, ಕೂಡಿಸಿ ಕೂಡಿಸಿ ದೊಡ್ಡ ದನಿಯಲ್ಲಿ ಓದತೊಡಗಿದಳು. ಮೊದಲು ತನ್ನ ಹೆಸರು. ಆಮೇಲೆ ಊರು. ಆಮೇಲೆ ತೊಗರಿ. ಸಾಲಿನಲ್ಲಿದ್ದವರ ಗದ್ದಲ ತಾನಾಗಿ ಇಳಿಯಿತು. ಚೀಲ ಹೊರುವ ಕೂಲಿ ಹಿಡಿದುಕೊಂಡ 'ಹಮಾಲಿ' ಎಂಬ ಸಾಲಿಗೆ ಬಂದಾಗ ಅವಳು ತಲೆಯೆತ್ತಿ, ಚೀಲ ಹೊತ್ತು ನಿಂತಿದ್ದ ಹಮಾಲರ ಕಡೆ ನೋಡಿದಳು.

"ಇದು ನಿಮ್ದೇನ್ರೆಪಾ? ಹಂಗಾದ್ರ ಚೀಲ ಸಾವಕಾಶ ಇಳಸ್ರಿ, ಒಂದ ಕಾಳು ಚೆಲ್ಲಬಾರ್ದು," ಎಂದಳು.

ಇಡೀ ಅಂಗಳ ನಕ್ಕಿತು. ಹಮಾಲರಂತೂ ಚೀಲ ಕೆಳಗಿಟ್ಟೇ ನಕ್ಕರು. ನಗು ತಣ್ಣಗಾಗುವಷ್ಟರಲ್ಲಿ, ಬೆಳಿಗ್ಗೆ ಇಂಗ್ಲಿಷ್ ಪಟ್ಟಿ ಒಯ್ದಿದ್ದ ಮುದುಕನೊಬ್ಬ ಕಿಟಕಿಗೆ ಬಂದು, ತನಗೂ ಕನ್ನಡದ್ದು ಬೇಕು, ಮನೆಯಲ್ಲಿ ಸೊಸೆ ಓದಿ ಹೇಳುತ್ತಾಳೆ ಎಂದ. ಬಹಳ ತಡವಾಗುತ್ತದೆ ಎಂದು ನಾನು ಎಚ್ಚರಿಸಿದೆ.

"ಆಗ್ಲಿ ತಂಗಿ. ತೊಗರಿ ಬೆಳಿಯಾಕ ಆರು ತಿಂಗಳು ಕಾದೀನಿ, ಒಂದು ಕಾಗದಕ್ಕ ಕಾಯೂದಿಲ್ಲೇನು?"

ಅವನ ಹಿಂದೆ ಇನ್ನೂ ಕೆಲವರು ಬಂದು ನಿಂತರು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸಾಹುಕಾರರು ನನ್ನನ್ನು ಮತ್ತೊಮ್ಮೆ ಕೇಳಿದರು. "ಹೊಸಾದ ಇರ್ಲಿರಿ, ನಾ ಹ್ಯಾಂಗರ ಸಂಬಾಳಸ್ತೇನಿ," ಎಂದೆ. ಹೇಳುವಾಗಲೇ ಎದೆ ಹಗುರಾಯಿತು. ಸಾಹುಕಾರರು, ನಾಳೆಯಿಂದ ಅಂಗಳದ ಬೇವಿನ ಗಿಡದ ಕೆಳಗೆ ಎರಡು ಬೆಂಚು ಹಾಕಿಸಿ, ಕಾಯುವವರಿಗೆ ಚಹಾ ಹೇಳಿ ಎಂದು ಚಾಚಾನಿಗೆ ಅಪ್ಪಣೆ ಕೊಟ್ಟರು.

ಸುಗ್ಗಿಯುದ್ದಕ್ಕೂ ಯಂತ್ರ ತನ್ನ ಗುಣ ಬಿಡಲಿಲ್ಲ. ಬಿಡುವಿದ್ದಾಗಲೆಲ್ಲ ನಾನು ಕಾಯಂ ರೈತರ ಹೆಸರು, ಊರು ಮೊದಲೇ ತುಂಬಿಸಿಟ್ಟುಕೊಳ್ಳತೊಡಗಿದೆ. ಅದರಿಂದ ತುಸು ಬೇಗವಾಯಿತು. ಅವಸರದ ಕೆಲವರು ಪಕ್ಕದ ಅಂಗಡಿಗೆ ಹೋಗಿಯೇ ಹೋದರು. ಉಳಿದವರು ಗಿಡದ ಕೆಳಗೆ ಕೂತು, ಓದು ಬಂದವರ ಕೈಗೆ ಪಟ್ಟಿ ಕೊಟ್ಟು ಜೋರಾಗಿ ಓದಿಸಿ ಕೇಳುತ್ತಿದ್ದರು. ನನ್ನನ್ನು ದುರುಗುಟ್ಟಿ ನೋಡುವವರೇ ಇಲ್ಲವಾದರು.

ಸಂಕ್ರಾಂತಿ ಕಳೆದ ಮೇಲೆ ಸೊಲ್ಲಾಪುರದವನು ಮಾತಿನಂತೆ ಬಂದ. ಅವನು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಬಾಚಣಿಗೆಯಂಥ ಹಸಿರು ಮೆಮೊರಿ ತುಂಡೊಂದನ್ನು ಒಳಗೆ ಕೂರಿಸುವಾಗ ಹಮಾಲರೂ ಸೇರಿ ಅಂಗಡಿಗೆ ಅಂಗಡಿಯೇ ಸುತ್ತ ನಿಂತಿತ್ತು. ನಾನು ಗುಂಡಿ ಒತ್ತಿದೆ. ತೆರೆ ತಡವರಿಸದೆ ತೆರೆಯಿತು. ಪ್ರಿಂಟರಿನಿಂದ ಬಂದ ಕಾಗದವನ್ನು ನಾನು ಹರಿಯುವ ಮೊದಲೇ ಚಾಚಾ ಕಿತ್ತುಕೊಂಡು, ಮೇಲಿನಿಂದ ಕೆಳಗಿನವರೆಗೆ ತಾವೇ ಓದಿದರು. ಸಾಹುಕಾರರು ಗಾದಿಯಿಂದೆದ್ದು, ಜಿಲೇಬಿ ತರಲು ತಾವೇ ಚಪ್ಪಲಿ ಮೆಟ್ಟಿ ಹೊರಟರು.