ದೊಡ್ಡವ್ವ ಪೂಜೆಗೆ ಕೂತ ಬಂಡೆ

ಮೊನ್ನೆ ಬಾದನಹಟ್ಟಿಯ ತವರಿನಲ್ಲಿ ನನ್ನ ತಮ್ಮ ಗದ್ದೆಯ ಪಂಪಿಗೆ ಡೀಸೆಲ್ ಸುರಿಯುತ್ತಿದ್ದ. ಹಸಿ ಕೆಸರಿನ ವಾಸನೆಗೆ ಡೀಸೆಲ್ ಘಾಟು ಸೇರಿ ಮೂಗಿಗೆ ಬಡಿದದ್ದೇ ತಡ, ಕಾಲ ಕೆಳಗಿನ ನೆಲ ತೂಗಿದಂತಾಯಿತು. ಬದುವಿನ ಮೇಲೆ ಕೂತುಬಿಟ್ಟೆ. ಆ ದೋಣಿಯಲ್ಲೂ ಇದೇ ವಾಸನೆ ಇತ್ತು… ಪಕ್ಕದಲ್ಲಿ ದೊಡ್ಡವ್ವ ಇದ್ದಳು.

ಆಕೆ ನನಗೆ ಸಂಬಂಧಿಕಳಲ್ಲ. ಸಿರುಗುಪ್ಪದಲ್ಲಿ ನಮ್ಮ ಎದುರು ಮನೆಯಾಕೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹೊಳೆಗೆ ಕರೆದೊಯ್ದು, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ತೋರಿಸಿದವಳು ಆಕೆಯೇ. ತುಂಗಭದ್ರೆಯ ದಂಡೆಯಲ್ಲೇ ಹುಟ್ಟಿ ಬೆಳೆದವಳು. ನೀರಿನ ವಿಷಯ ಬಂದರೆ ಓಣಿಯಲ್ಲಿ ಆಕೆಯ ಮಾತೇ ಕೊನೆ.

ಹತ್ತು ವರ್ಷದ ಹಿಂದೆ ಓಣಿಯ ಹೆಂಗಸರೆಲ್ಲ ಸೇರಿ ಸಮುದ್ರ ನೋಡಲು ಹೋಗಿದ್ದೆವು. ಒಂದು ದಿನದ ಮಟ್ಟಿಗೆ ಬಾಡಿಗೆ ದೋಣಿ ಹಿಡಿದು ದಂಡೆಯುದ್ದಕ್ಕೂ ಸಾಗುವುದು, ನಡುವೆ ಒಂದೆರಡು ಊರಲ್ಲಿ ಇಳಿಯುವುದು ಎಂದು ಮಾತಾಗಿತ್ತು. ಬೆಳಗಿನಿಂದ ದೋಣಿ ತೂಗಿದ್ದೇ ತೂಗಿದ್ದು. ಲಿಂಗಪೂಜೆ ಆಗದೆ ದೊಡ್ಡವ್ವನ ಬಾಯಿಗೆ ಹನಿ ನೀರೂ ಬಿದ್ದಿರಲಿಲ್ಲ. ಅಲ್ಲಾಡುವ ದೋಣಿಯಲ್ಲಿ ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವುದು ಹೇಗೆ? ಹತ್ತು ಗಂಟೆಗೆ ಒಂದು ಸಣ್ಣ ಬಂದರಿನಲ್ಲಿ ಇಳಿದಾಗ ಆಕೆಯ ತುಟಿ ಒಣಗಿ ಬಿರಿದಿತ್ತು.

ದೋಣಿ ಕಟ್ಟುವ ದಕ್ಕೆಯ ತುಂಬ ಮೀನಿನ ಬುಟ್ಟಿಗಳು. ಉಳಿದವರು ಗುಡಿ ನೋಡಲು ಹೋದರು. ದೊಡ್ಡವ್ವ ಮೂಗಿಗೆ ಸೆರಗು ಹಿಡಿದು, ಆಚೆ ಮರಳಿನ ತುದಿಯಲ್ಲಿದ್ದ ಅಗಲವಾದ ಬಂಡೆ ತೋರಿಸಿದಳು. ನಾವಿಬ್ಬರೂ ಅತ್ತ ಹೊರಟದ್ದು ಕಂಡು, ಮೀನು ಆರಿಸುತ್ತಿದ್ದ ಹೆಂಗಸೊಬ್ಬಳು ಕೂಗಿದಳು:

“ಅಮ್ಮ, ಅಲ್ಲಿಗೆ ಹೋಗ್ಬೇಡಿ. ಈಗ ನೀರು ಏರ್ತದೆ.”

“ಮಳಿ ಇಲ್ಲ, ಡ್ಯಾಮಿನ ಗೇಟ್ ತೆಗದಿಲ್ಲ, ನೀರು ಎಲ್ಲಿಂದ ಏರತೈತಿ ತಂಗಿ?” ಎಂದು ದೊಡ್ಡವ್ವ ನಕ್ಕಳು. ನಾನೂ ನಕ್ಕೆ. ನಮ್ಮ ಹೊಳೆಯಲ್ಲಿ ನೀರು ಏರಲು ಈ ಎರಡೇ ಕಾರಣ.

ಬಂಡೆ ಒಣಗಿತ್ತು, ಬಿಸಿಲು ಹಿತವಾಗಿತ್ತು. ಆಕೆ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಅದರ ಮೇಲೆ ದೃಷ್ಟಿ ನೆಟ್ಟಳು. ಸ್ವಲ್ಪ ಹೊತ್ತಿಗೆ ನಾವು ನಡೆದು ಬಂದ ಮರಳಿನ ಮೇಲೆ ನೀರು ತೆಳ್ಳಗೆ ಸರಿದುಬಂತು. ವಾಪಸ್ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ನಮ್ಮ ಹೆಜ್ಜೆಗುರುತುಗಳು ಒಂದೊಂದಾಗಿ ಮುಚ್ಚಿಹೋದವು. ಎಬ್ಬಿಸಬೇಕೆಂದು ಬಾಯಿ ತೆರೆದೆ. ಪೂಜೆಯ ನಡುವೆ ಮಾತಾಡಿಸಿದ ಪಾಪ ನನಗೆ ಬೇಡ ಎಂದು ಮುಚ್ಚಿದೆ. ಆಕೆಯ ಮುಖ ನೋಡಿದೆ. ರೆಪ್ಪೆ ಸಹ ಅಲುಗಲಿಲ್ಲ. ನೀರು ಬಲ್ಲವಳು, ಅಪಾಯವಿದ್ದರೆ ಏಳುತ್ತಿರಲಿಲ್ಲವೇ? ಬಂಡೆಯ ಅಂಚು ಹಿಡಿದು ಹಾಗೆಯೇ ಕೂತೆ. ಈಜು ಇಬ್ಬರಿಗೂ ಬಾರದು…

ಆಕೆ ಲಿಂಗವನ್ನು ಕೊರಳಲ್ಲಿ ತೂಗುವ ಬೆಳ್ಳಿ ಕರಡಿಗೆಯಲ್ಲಿಟ್ಟು ತಲೆ ಎತ್ತುವಾಗ ಸುತ್ತಲೂ ನೀರು. ಎದ್ದಳು, ನೀರು ಕಂಡು ಮತ್ತೆ ಕುಸಿದಳು.

“ನೀ ನಡಿ. ನಿನಗ ಸಣ್ಣ ಮಕ್ಕಳದಾವ.”

“ನಿನ್ನ ಬಿಟ್ಟು ಹೋಗಿ ಓಣ್ಯಾಗ ಯಾವ ಮುಖ ತೋರಸ್ಲಿ?” ಎಂದೆ. ನಿಜ ಹೇಳಬೇಕೆಂದರೆ ಒಬ್ಬಳೇ ಇಳಿಯುವ ಧೈರ್ಯ ನನಗಿರಲಿಲ್ಲ.

ಅಷ್ಟರಲ್ಲಿ ಆ ಮೀನಿನ ಹೆಂಗಸು ಸೀರೆ ಎತ್ತಿಕಟ್ಟಿ, ಉದ್ದನೆಯ ಬಿದಿರು ಊರುತ್ತ ನೀರಿನಲ್ಲಿ ನಡೆದು ಬಂದಳು.

“ಗೇಟ್ ಯಾರೋ ತೆಗೆದ್ರು ಕಾಣ್ತದೆ ಅಮ್ಮ. ಬನ್ನಿ, ಕೈ ಕೊಡಿ. ಕೆಳಗೆ ನೋಡ್ಬೇಡಿ.”

ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಅಡಿಯ ಮರಳು ಪಾದದ ಕೆಳಗಿನಿಂದ ಜಾರಿಹೋಗುತ್ತಿತ್ತು. ದೊಡ್ಡವ್ವ ಒಂದು ಕೈಯಲ್ಲಿ ಎದೆಯ ಮೇಲಿನ ಕರಡಿಗೆ, ಇನ್ನೊಂದರಲ್ಲಿ ಆ ಹೆಂಗಸಿನ ಕೈ ಬಿಗಿಹಿಡಿದಿದ್ದಳು. ನಾನು ಬಿದಿರು ಹಿಡಿದು ಹಿಂದೆ. ನನ್ನ ಬಾಯಲ್ಲಿ ಶಿವಶಿವಾ ಬಿಟ್ಟರೆ ಬೇರೆ ಮಾತಿಲ್ಲ. ಸೊಂಟದಿಂದ ಮೇಲೆ ಏರಲಿಲ್ಲ, ಅದು ಆತನ ದಯೆ. ನನ್ನ ಒಂದು ಚಪ್ಪಲಿ ಹೋಯಿತು, ಅಷ್ಟೇ. ದಕ್ಕೆಯ ಮೇಲೆ ಆ ಹೆಂಗಸು ಕೊಟ್ಟ ನೀರನ್ನು ದೊಡ್ಡವ್ವ ಗಟಗಟ ಕುಡಿದಳು. ಗುಡಿಯಿಂದ ಮರಳಿದವರು ಒದ್ದೆ ಸೀರೆ ನೋಡಿ ಕೇಳಿದಾಗ, ಅಲೆಯಲ್ಲಿ ಆಡಿದೆವು ಎಂದೆವು.

ಊರಿಗೆ ಮರಳುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ:

“ನೀರು ಬಂದದ್ದು ನಿನಗ ಗೊತ್ತಾಗ್ಲಿಲ್ಲೇನ?”

“ಗೊತ್ತಾಗಿತ್ತು. ಸಪ್ಪಳ ಕೇಳ್ತಿತ್ತು. ನೀ ಎಲ್ಲಾ ನೋಡಕೋಂತ ಕುಂತಿದ್ದಿ, ಭಯ ಇದ್ರ ಕರೀತಾಳ ಅಂತ ಸುಮ್ನಾದೆ.”

ಆ ನೀರಿಗಿಂತ ಈ ಮಾತಿಗೆ ಹೆಚ್ಚು ಹೆದರಿದೆ. ಆಕೆ ಕಿಟಕಿಯ ಕಡೆ ತಿರುಗಿ, “ಮನ್ಯಾಗ ಬಾಯಿ ಬಿಡಬ್ಯಾಡ. ನನ್ನ ಮಗ ಮತ್ತ ಹೊಸ್ತಿಲ ದಾಟಾಕ ಬಿಡಂಗಿಲ್ಲ,” ಎಂದಳು.

ನಾನು ಯಾರಿಗೂ ಹೇಳಲಿಲ್ಲ. ಹೋದ ವರ್ಷ ದೊಡ್ಡವ್ವ ತೀರಿಕೊಂಡಳು, ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ, ಹೆಚ್ಚು ನರಳದೆ. ಅದೂ ದಯೆಯೇ.

ಈಗ ನಾನು ಪೂಜೆಗೆ ಕೂರುವ ಮುಂಚೆ ಮಗಳಿಗೆ ದಿನವೂ ಹೇಳುತ್ತೇನೆ, ಏನಾದರೂ ಆದರೆ ಪೂಜೆ ನಡುವೆಯೇ ಆಗಲಿ, ಭುಜ ಹಿಡಿದು ಎಬ್ಬಿಸು ಎಂದು. “ಮನ್ಯಾಗ ಏನಾಗತೈತಿ ಯವ್ವಾ?” ಎಂದು ಅವಳು ನಗುತ್ತಾಳೆ. ನಾನು ಎದುರು ಮನೆಯ ಬಾಗಿಲ ಕಡೆ ನೋಡುತ್ತೇನೆ. ನನ್ನ ಈ ಹೆದರಿಕೆಗೆ ನಗದೇ ಇರುವವಳು ಅಲ್ಲಿ ಒಬ್ಬಳಿದ್ದಳು…