ಗೆರೆಯ ಹಿಂದೆ ನಿಂತವನು

ನನಗೆ ಬಾಯಿ ಜಾಸ್ತಿ. ಮನೆಯವರು ಹೇಳುತ್ತಾರೆ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರೂ ಹೇಳುತ್ತಿದ್ದ. ಆದರೆ ಹೊಸೂರಿನಲ್ಲಿ ನಾನು ಓದಿದ ಕಾಲೇಜಿನ ಮೈದಾನದಲ್ಲಿ ಮಾತ್ರ ಆ ಬಾಯಿಗೆ ಒಂದು ಬೆಲೆಯಿತ್ತು.

ಅಲ್ಲಿ ವಾಲಿಬಾಲ್ ನಡೆಯುವಾಗ ಅಭಿಮಾನಿಗಳಾದ ನಾವು ಏಳೆಂಟು ಜನ ಕೋರ್ಟಿನ ಹಿಂದಿನ ಗೆರೆಯ ಆಚೆ ಸಾಲಾಗಿ ನಿಲ್ಲುತ್ತಿದ್ದೆವು. ಎದುರಾಳಿ ಹೊಡೆದ ಬಾಲು ಗೆರೆ ದಾಟಿ ಹೊರಗೆ ಬೀಳುವಂತಿದ್ದರೆ "ಬಿಡ್ಲಾ" ಎಂದು ಕೂಗುವುದು, ಒಳಗೆ ಬೀಳುವಂತಿದ್ದರೆ "ಎತ್ಲಾ" ಎಂದು ಕೂಗುವುದು. ನಮ್ಮ ಹುಡುಗರು ಮನೆಯಲ್ಲಿ ತೆಲುಗು ಆಡಲಿ, ತಮಿಳು ಆಡಲಿ, ಈ ಎರಡು ಕನ್ನಡದ ಮಾತು ಎಲ್ಲರಿಗೂ ಗೊತ್ತು. ಸೇಲಂ ಕಡೆಯಿಂದ ಆಡಲು ಬಂದ ಎದುರಾಳಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ರೆಫರಿ ಆಗಾಗ ತಿರುಗಿ ಗುರಾಯಿಸುತ್ತಿದ್ದ, ಅಷ್ಟೇ. ಇದು ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದ್ದ ಪದ್ಧತಿ. ಅದರಲ್ಲಿ ನನ್ನ ಗಂಟಲೇ ದೊಡ್ಡದು.

ಓದುವಾಗ ನಾನೂ ಮೂರು ವರ್ಷ ಆ ತಂಡದಲ್ಲಿದ್ದೆ. ಇದ್ದೆ ಅಂದರೆ ಬೆಂಚಿನ ಮೇಲಿದ್ದೆ. ಕೋರ್ಟಿಗೆ ಇಳಿಸಿದ್ದು ಒಂದೇ ಒಂದು ಸಲ, ಅದೂ ಆಗಲೇ ಸೋತಾಗಿದ್ದ ಆಟದಲ್ಲಿ. ಫ್ಯಾಕ್ಟರಿ ಕೆಲಸ ಸಿಕ್ಕಿದ ಮೇಲೆ ಮೊದಲ ಪಾಳಿ ಮುಗಿಸಿ, ಅವಲಪಲ್ಲಿಯ ಬಾಡಿಗೆ ಕೋಣೆಯಲ್ಲಿ ಮುಖ ತೊಳೆದು, ನಾಲ್ಕು ಗಂಟೆಗೆಲ್ಲ ಆ ಗೆರೆಯ ಹಿಂದೆ ಹಾಜರಾಗುತ್ತಿದ್ದೆ. ಆಡಿ ಗೆಲ್ಲಿಸಲಾಗದವನು ಕೂಗಿ ಗೆಲ್ಲಿಸುತ್ತೇನೆ ಎಂಬ ಜಂಬ ನನಗಿತ್ತು.

ಆದರೆ ಗೆಲುವು ಎಲ್ಲಿತ್ತು? ಮೂರು ವರ್ಷದಿಂದ ನಮ್ಮ ತಂಡ ಮೊದಲ ಸುತ್ತೇ ದಾಟಿರಲಿಲ್ಲ. ಕಾಲೇಜು ನಡೆಸುತ್ತಿದ್ದ ಕರೆಸ್ಪಾಂಡೆಂಟ್ ಬೇಸತ್ತು ಒಂದು ಮಾತು ಹೇಳಿಬಿಟ್ಟರು. ಹೊಸ ಕೋಚ್ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ತರಿಸುತ್ತೇವೆ. ಕೃಷ್ಣಗಿರಿಯ ಅಂತರ ಕಾಲೇಜು ಪಂದ್ಯದಲ್ಲಿ ಸೆಮಿಫೈನಲ್ ಮುಟ್ಟಿದರೆ ತಂಡವೂ ಇರುತ್ತದೆ, ಕೋಚೂ ಇರುತ್ತಾರೆ. ಇಲ್ಲದಿದ್ದರೆ ಎರಡೂ ಇರುವುದಿಲ್ಲ.

ಕೋಚ್ ತೂತ್ತುಕುಡಿ ಕಡೆಯವರು, ಒಣಕಲು ಮನುಷ್ಯ. ವಿಷಲ್ ಯಾವಾಗಲೂ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು, ಊದಿದ್ದು ಕಡಿಮೆ. ಬಂದ ಮೊದಲ ವಾರವೇ ಗೆರೆಯ ಹಿಂದೆ ನಾವು ನಿಲ್ಲುತ್ತಿದ್ದ ಜಾಗಕ್ಕೆ ಎರಡು ಗೂಟ ಹೊಡೆಸಿ ಹಗ್ಗ ಕಟ್ಟಿಸಿದರು. ನೋಡುವವರು ಪಕ್ಕದಲ್ಲಿ ನಿಂತು ನೋಡಬಹುದು, ಹಿಂದೆ ಯಾರೂ ನಿಲ್ಲುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೋಗಿ ತಮಿಳಿನಲ್ಲೇ ಕೇಳಿದೆ. ಅವರೂ ತಮಿಳಿನಲ್ಲೇ, ನನ್ನ ಮುಖ ಕೂಡ ನೋಡದೆ, ಆಡುವವರು ಆರು ಜನ, ಅವರ ಕಣ್ಣೇ ಸಾಕು ಎಂದರು.

ಅವತ್ತು ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಜಗಳವೋ ಜಗಳ. ಅರ್ಧ ಜನ ನನ್ನ ಕಡೆ, ಅರ್ಧ ಜನ ಮಿಲ್ಲಿಂಗ್ ಸೆಕ್ಷನ್ನಿನ ಅಣ್ಣನ ಕಡೆ. ಅಣ್ಣ ಅಂದರೆ ನಮ್ಮ ಫ್ಯಾಕ್ಟರಿಯವನೇ, ನನಗಿಂತ ಹತ್ತು ವರ್ಷ ದೊಡ್ಡವನು, ಆ ಕಾಲೇಜಿನ ಒಂದು ಆಟವನ್ನೂ ತಪ್ಪಿಸಿಕೊಳ್ಳದವನು.

"ಆವಯ್ಯಂಗೆ ಕನ್ನಡ ಬರಾಕಿಲ್ಲ. ಅದ್ಕೇ ನಮ್ ಬಾಯಿ ಮುಚ್ಸವ್ನೆ" ಅಂದೆ.

"ನೀನು ಕೂಗಿ ಕೂಗೇ ಹುಡುಗ್ರು ಕುರುಡ್ರಾಗವ್ರೆ ಕಣ್ಲಾ" ಅಂದ ಅಣ್ಣ. "ಮೂರು ವರ್ಸದಿಂದ ಕೂಗ್ತಾನೇ ಇದ್ದೀಯ. ಗೆದ್ರಾ?"

"ಸರಿಯಾಗಿ ಕೇಳುಸ್ಕೊಳ್ದೆ ಸೋತ್ರು."

"ಕೇಳುಸ್ಕೊಂಡೇ ಸೋತಿದ್ದು."

ಅಂಗಡಿ ತುಂಬ ನಕ್ಕರು. ಆ ನಗುವನ್ನು ನಾನು ಬಹಳ ದಿನ ಮರೆಯಲಿಲ್ಲ.

ಆಮೇಲಿನ ಎರಡು ತಿಂಗಳು ಕೋಚ್ ಮಾಡಿಸಿದ್ದು ಒಂದೇ ಕೆಲಸ. ನೆಟ್ಟಿನ ಆಚೆಯಿಂದ ಅವರು ಬಾಲು ಹೊಡೆಯುವುದು, ಅದು ನೆಟ್ಟು ದಾಟುವುದರೊಳಗೆ ಈಚೆ ನಿಂತ ಹುಡುಗ ಒಳಗೋ ಹೊರಗೋ ಜೋರಾಗಿ ಹೇಳುವುದು. ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಬಾಲು ಬಿದ್ದ ಜಾಗಕ್ಕೆ ಕೋಚ್ ನಡೆದು ಹೋಗಿ ಕಾಲಿನಿಂದ ಗುರುತು ತೋರಿಸುತ್ತಿದ್ದರು. ಬೈಯುತ್ತಿರಲಿಲ್ಲ, ಮೆಚ್ಚುತ್ತಲೂ ಇರಲಿಲ್ಲ. ಮತ್ತೆ ಹೋಗಿ ಹೊಡೆಯುತ್ತಿದ್ದರು. ನೋಡಿ ನೋಡಿ ನಮಗೆ ಸಾಕಾಯಿತು. ಇದು ಕಾಲೇಜೋ ಬಾಲವಾಡಿಯೋ ಎಂದು ನಾನು ಅಂಗಡಿಯಲ್ಲಿ ಆಡಿಕೊಂಡೆ. ಅಭ್ಯಾಸಕ್ಕೆಂದು ಆಡಿದ ನಾಲ್ಕು ಆಟಗಳನ್ನೂ ಸೋತರು. ಬಿಡಬೇಕಾದ ಬಾಲನ್ನು ಎತ್ತಿದರು, ಎತ್ತಬೇಕಾದ್ದನ್ನು ಬಿಟ್ಟರು. ಟೀ ಅಂಗಡಿಯಲ್ಲಿ ನನ್ನ ಕಡೆಯವರು ಹೆಚ್ಚುತ್ತಾ ಹೋದರು.

ಹಿಂದಿನ ಸಾಲಿನಲ್ಲಿ ಆಡುತ್ತಿದ್ದವನು ನಮ್ಮೂರು ಉದ್ದನಪಲ್ಲಿಯ ಹುಡುಗ. ನಮ್ಮ ತೋಟಕ್ಕೆ ಅಂಟಿಕೊಂಡೇ ಅವರ ತೋಟ. ಅವನಿಗೆ ವಾಲಿಬಾಲಿನ ಹುಚ್ಚು ಹಿಡಿಸಿದ್ದು ನಾನೇ. ನಾಲ್ಕನೇ ಆಟ ಸೋತ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಧೈರ್ಯ ಹೇಳೋಣ ಎಂದು ಹತ್ತಿರ ಹೋದರೆ ಅವನೇ ಮೊದಲು ಬಾಯಿ ತೆರೆದ.

"ಅಣ್ಣಾ, ಒಂದು ಮಾತು. ಕೃಷ್ಣಗಿರೀಲಿ ನೀನು ಕೂಗ್ಬೇಡ."

"ಯಾಕ್ಲಾ?"

"ನಂಗೆ ಈಗೀಗ ಬಾಲು ಕಾಣ್ತೈತೆ. ನೀನು ಕೂಗುದ್ರೆ ಕಣ್ಣು ಬುಟ್ಟು ಕಿವಿ ಮಾತು ಕೇಳ್ತೀನಿ."

ಸರಿ ಬಿಡು ಅಂದೆ. ಆದರೆ ಕೋಣೆಗೆ ಹೋದ ಮೇಲೆ ಊಟ ಸೇರಲಿಲ್ಲ. ನನ್ನ ಕೈಯಲ್ಲಿ ಬೆಳೆದವನು ನನಗೇ ಬಾಯಿ ಮುಚ್ಚು ಅಂದ, ಅವನ ತಲೆ ಕೆಡಿಸಿದ್ದು ಆ ಕೋಚ್ ಎಂದು ಹಲ್ಲು ಕಡಿದೆ. ಕೋಚ್ ಮೇಲಿದ್ದದ್ದು ಅವತ್ತಿನಿಂದ ಬರೀ ಸಿಟ್ಟಲ್ಲ, ಹೊಟ್ಟೆಕಿಚ್ಚು. ಈಗ ಹೇಳಲು ನಾಚಿಕೆಯಿಲ್ಲ.

ಕೃಷ್ಣಗಿರಿಗೆ ನಾವು ಹನ್ನೆರಡು ಜನ ರಜೆ ಹಾಕಿ ಬಸ್ಸಿನಲ್ಲಿ ಹೋದೆವು. ಸೂಳಗಿರಿಯಲ್ಲಿ ಬಸ್ಸು ನಿಂತಾಗಲೂ ವಾದ ನಿಲ್ಲಲಿಲ್ಲ, ಕಂಡಕ್ಟರ್ ಬೈದ. ಬೆಳಗಿನ ಮೊದಲ ಆಟವನ್ನು ನಮ್ಮ ಹುಡುಗರು ಸಲೀಸಾಗಿ ಗೆದ್ದರು. ಯಾರೂ ಏನೂ ಕೂಗಿರಲಿಲ್ಲ. ನಮ್ಮೂರ ಹುಡುಗ ಅರೆಗಳಿಗೆ ಬಾಲು ನೋಡುವುದು, ಕೈ ಚಾಚುವುದು ಅಥವಾ ಸರಿದು ನಿಲ್ಲುವುದು, ಒಂದೂ ತಪ್ಪಲಿಲ್ಲ. ಎಲ್ಲರೂ ಅಣ್ಣನ ಬೆನ್ನು ತಟ್ಟಿದರು, ಅವನೇ ಆಡಿ ಬಂದ ಹಾಗೆ. ನಾನೂ ಚಪ್ಪಾಳೆ ತಟ್ಟಿದೆ. ಗೆದ್ದದ್ದಕ್ಕೆ ಖುಷಿಯಾಯಿತು, ನಾನಿಲ್ಲದೆ ಗೆದ್ದದ್ದಕ್ಕೆ ಸಂಕಟವೂ ಆಯಿತು.

ಮಧ್ಯಾಹ್ನದ ಆಟ ಸೇಲಂ ಕಡೆಯ ಕಾಲೇಜಿನ ಮೇಲೆ. ಗೆದ್ದರೆ ಸೆಮಿಫೈನಲ್, ತಂಡ ಉಳಿಯಿತು, ಕೋಚ್ ಉಳಿದರು. ನಾಲ್ಕು ಸೆಟ್ ಮುಗಿದಾಗ ಎರಡು ಅವರಿಗೆ, ಎರಡು ನಮಗೆ. ಕೊನೆಯ ಸೆಟ್ ಹದಿನೈದು ಪಾಯಿಂಟಿಗೆ. ಅವರ ಕಡೆಯ ಹುಡುಗರು ತಮಟೆ ಬಡಿಯುತ್ತಿದ್ದರು, ಪಕ್ಕದವನ ಮಾತು ಪಕ್ಕದವನಿಗೆ ಕೇಳಿಸದಂಥ ಗಲಾಟೆ. ಎಂಟು ಪಾಯಿಂಟಾದ ಮೇಲೆ ತಂಡಗಳು ಬದಿ ಬದಲಾಯಿಸಿದವು. ನಮ್ಮ ಹುಡುಗರು ಬಂದ ಬದಿಯಲ್ಲಿ ಗೆರೆಯ ಹಿಂದೆ ಖಾಲಿ ಜಾಗವಿತ್ತು. ಇದು ಬೇರೆ ಕಾಲೇಜಿನ ಮೈದಾನ, ಹಗ್ಗವಿರಲಿಲ್ಲ.

ಹನ್ನೊಂದು ಹನ್ನೊಂದು. ಹನ್ನೆರಡು ಹನ್ನೆರಡು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಎಲ್ಲಿಗ್ಲಾ?" ಅಂದ ಅಣ್ಣ.

"ಇಲ್ಲೇ ಇರ್ತೀನಿ" ಅಂದು ಜನರ ನಡುವೆ ನುಗ್ಗಿ ಗೆರೆಯ ಹಿಂದೆ ಹೋಗಿ ನಿಂತೆ. ಕೂಗಬಾರದು ಎಂದೇ ಅಂದುಕೊಂಡಿದ್ದೆ. ನಮ್ಮ ಹುಡುಗ ನನ್ನಿಂದ ಎರಡು ಮಾರು ಮುಂದೆ, ಬೆನ್ನು ಮಾಡಿ ನಿಂತಿದ್ದ. ಕೋಚ್ ದೂರದಲ್ಲಿ, ನೆಟ್ಟಿನ ಕಂಬದ ಹತ್ತಿರ, ತಮಟೆಯ ಸದ್ದಿನ ನಡುವೆ.

ಅವರಿಗೆ ಹದಿನಾಲ್ಕು, ನಮಗೆ ಹದಿಮೂರು. ಸರ್ವೀಸ್ ಅವರದು. ಬಾಲು ನೆಟ್ಟಿಗಿಂತ ಬಹಳ ಮೇಲೆ ಹಾರಿ ಬಂತು. ಹುಡುಗ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮಂಡಿ ಬಗ್ಗಿಸಿ ಎರಡೂ ಕೈ ಜೋಡಿಸಿದ. ಎತ್ತುವುದೆಂದು ಅವನು ತೀರ್ಮಾನ ಮಾಡಿಯಾಗಿತ್ತು. ನನಗೆ ಮಾತ್ರ ಅದು ಹೊರಗೆ ಹೋಗುತ್ತದೆ ಎಂದು ಕಂಡಿತು. ನಾನೊಂದು ಮಾತು ಕೂಗಿದರೆ ಪಾಯಿಂಟ್ ನಮ್ಮದು, ಆಟ ಉಳಿಸಿದವನು ನಾನು, ಕೋಚ್ ಅಲ್ಲ. ಇಷ್ಟೆಲ್ಲ ಆ ಒಂದು ಕ್ಷಣದಲ್ಲಿ ಹೊಳೆಯಿತು ಎಂದರೆ ಯಾರೂ ನಂಬುವುದಿಲ್ಲ. ನನಗೆ ಹೊಳೆದಿತ್ತು.

"ಬಿಡ್ಲಾ" ಅಂತ ಕೂಗಿದೆ.

ಹುಡುಗ ಕೈ ಹಿಂದಕ್ಕೆಳೆದುಕೊಂಡ. ಬಾಲು ಗೆರೆಯ ಮೇಲೆಯೇ ಬಿತ್ತು. ಸುಣ್ಣದ ಪುಡಿ ಎದ್ದು ನನ್ನ ಪ್ಯಾಂಟಿನ ಮೇಲೆ ಕೂತಿತು.

ಅವರ ಕಡೆಯವರು ಕೋರ್ಟಿಗೆ ನುಗ್ಗಿದರು. ಹುಡುಗ ಗೆರೆಯನ್ನೇ ನೋಡುತ್ತಾ ನಿಂತಿದ್ದ, ತಿರುಗಲಿಲ್ಲ. ಕೋಚ್ ನಿಧಾನಕ್ಕೆ ನಡೆದು ಬಂದರು. ಯಾಕೆ ಬಿಟ್ಟೆ ಎಂದು ಅವರು ತಮಿಳಿನಲ್ಲಿ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಈಗ ಹುಡುಗ ನನ್ನ ಕಡೆ ಕೈ ತೋರಿಸುತ್ತಾನೆ ಎಂದು ಕಾದೆ.

"ಔಟ್ ಅನ್ನುಸ್ತು ಸಾರ್. ನಾನೇ ನೋಡಿ ಬಿಟ್ಟೆ" ಎಂದು ಹುಡುಗ ತಮಿಳಿನಲ್ಲೇ ಹೇಳಿದ.

ಕೋಚ್ ಅವನ ಮುಖ ನೋಡಿದರು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟರು. ನೀನೇ ನೋಡಿ ಬಿಟ್ಟಿದ್ದರೆ ಸರಿ, ಅಷ್ಟು ಕಲಿತೆಯಲ್ಲ, ನನಗೆ ಸಾಕು ಎಂದರು. ಇಷ್ಟು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಮೆಚ್ಚುಗೆಯ ಮಾತು ಅದು. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹುಡುಗ ನನ್ನ ಪಕ್ಕದಲ್ಲೇ ಹಾದು ಬ್ಯಾಗಿದ್ದ ಕಡೆಗೆ ಹೋದ.

ಕರೆಸ್ಪಾಂಡೆಂಟ್ ಆಡಿದ ಮಾತು ಉಳಿಸಿಕೊಂಡರು. ಎರಡು ವಾರದೊಳಗೆ ಕೋಚ್ ಊರಿಗೆ ಹೊರಟರು, ತಂಡ ಮುಚ್ಚಿತು. ಟೀ ಅಂಗಡಿಯಲ್ಲಿ ನಾನೇ ಗೆದ್ದವನಾದೆ. ಹುಡುಗರ ಕೈಗೆ ತೀರ್ಮಾನ ಕೊಟ್ಟರೆ ಹೀಗೇ ಆಗುವುದು, ನೀನು ಮೊದಲಿಂದ ಹೇಳಿದ್ದೇ ಸರಿ ಎಂದು ಎಲ್ಲರೂ ಅಂದರು. ಅಣ್ಣ ಒಬ್ಬನೇ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಎಲ್ಲರ ಮಾತೂ ಮುಗಿದ ಮೇಲೆ ನನ್ನ ಕಡೆ ತಿರುಗಿದ.

"ನೀನು ಗೆರೆ ಹಿಂದ್ಲೇ ಇದ್ದಲ್ಲ. ಬಾಲು ಹೆಂಗೆ ಬತ್ತಿತ್ತು? ಹುಡುಗ ನೋಡಿದ್ದು ತಪ್ಪಾ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ" ಅಂದೆ. "ಅವನು ನೋಡಿದ್ದೇ ತಪ್ಪು."