ಬಾಣಂತಿಯ ಬಚ್ಚಲಿನಲ್ಲಿ ಇ-ಐದು

ನಮ್ಮ ಅಕ್ಕ ಕಲಿತದ್ದು ಏಳನೇ ಇಯತ್ತೆಯವರೆಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇವತ್ತು ನನ್ನ ಮಗಳು, ಮೊಮ್ಮಗಳು ಇಬ್ಬರೂ ಜೀವಂತ ಇದ್ದರೆ ಅದು ಅಕ್ಕನ ತಲೆಯಿಂದ, ನನ್ನ ತಲೆಯಿಂದಲ್ಲ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಿದೆ, ಅಷ್ಟೇ.

ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಜಲನಗರದ ನಮ್ಮ ಮನೆಗೆ ಬಂದಳು. ಬಾಣಂತಿಗೆ ಸುಡುಸುಡು ನೀರು ಎರೆಯಬೇಕು, ಅದೂ ಒಂದೆರಡು ಬಕೆಟ್ಟಲ್ಲ, ಹಂಡೆಗಟ್ಟಲೆ. ಬೀಗರ ಮುಂದೆ ಕಡಿಮೆಯಾಗಬಾರದೆಂದು ಬಚ್ಚಲಿನೊಳಗೆ ಹೊಸ ಗ್ಯಾಸ್ ಗೀಸರು ಹಾಕಿಸಿದೆ. ಬಾಣಂತಿಗೆ ಗಾಳಿ ಸೋಕಬಾರದು ಎಂದಳು ಹೆಂಡತಿ. ನಾನೇ ಸ್ಟೂಲು ಹತ್ತಿ ಬಚ್ಚಲಿನ ಕಿಟಕಿಗೆ ಹಳೇ ಕೌದಿ ಮಡಚಿ ತುರುಕಿದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ. ಭೇಷ್ ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನವೇ ಗೀಸರು ಅರ್ಧಕ್ಕೆ ಕೈಕೊಟ್ಟಿತು. ಅದರ ಹಣೆಯ ಮೇಲೆ ಕೆಂಪಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಐದು. ಮಗಳ ತಲೆಯ ತುಂಬ ಸೀಗೆಪುಡಿ, ನೀರು ತಣ್ಣಗೆ. ಹೆಂಡತಿ ಬಂದ್ ಮಾಡಿ ಚಾಲೂ ಮಾಡಿದರೆ ನಾಕು ನಿಮಿಷ ಉರಿದು ಮತ್ತೆ ಇ-ಐದು. ಎರಡನೇ ದಿನವೂ ಅದೇ ಹಾಡು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರೆಲ್ಲ ಹೊರಗೆ ಬಂದ ಮೇಲೆ ಒಳಗೆ ಹೋಗಿ ಚಪ್ಪಲಿಯಿಂದ ಅದಕ್ಕೆರಡು ಬಾರಿಸಿದೆ.

ಗೋಳಗುಮ್ಮಟದ ಕಡೆಯಿಂದ ರಿಪೇರಿಯವನು ಬಂದ. ಬಾಗಿಲು ಹಾರುಹೊಡೆದು, ಕೌದಿ ತೆಗೆದು ಬೆಳಕು ಮಾಡಿಕೊಂಡು ನೋಡಿದ. ಅರ್ಧ ತಾಸು ಉರಿಸಿದರೂ ಗೀಸರು ಚಕಾರ ಎತ್ತಲಿಲ್ಲ. ಅವನು ಹೋದ ಮೇಲೆ ನಾನು ಕೌದಿಯನ್ನು ಮತ್ತೆ ಅಚ್ಚುಕಟ್ಟಾಗಿ ತುರುಕಿದೆ. ಮೂರನೇ ದಿನ ಮತ್ತೆ ಇ-ಐದು. ಫೋನ್ ಹಚ್ಚಿದರೆ, ಅದು ಸೆನ್ಸರಿನ ನಂಬರು, ಎರಡು ವೈರು ಜೋಡಿಸಿ ಅದನ್ನು ಕಳಚಿಬಿಟ್ಟರೆ ಮತ್ತೆಂದೂ ಬಂದ್ ಆಗುವುದಿಲ್ಲ ಎಂದ. ನಾಳೆ ಬೆಳಿಗ್ಗೆ ನೀರೆರೆಯುವುದರೊಳಗೆ ಬಂದು ಆ ಶನಿಯನ್ನು ಕಿತ್ತೊಗೆ ಎಂದೆ.

ಈ ಮಾತು ಅಕ್ಕನ ಕಿವಿಗೆ ಬಿತ್ತು. ಟಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡು ನಡೆಸುವವಳು ಅವಳು. ಸೋದರಸೊಸೆಗೆ ನೀರೆರೆಯಲೆಂದು ಆ ದಿನ ಬೆಳಿಗ್ಗೆಯಷ್ಟೇ ಬಸ್ಸಿಗೆ ಬಂದಿದ್ದಳು, ಬಂದವಳೇ ಸೀರೆ ಎತ್ತಿ ಕಟ್ಟಿ ಬಚ್ಚಲಿಗಿಳಿದಿದ್ದಳು. ಮೋಡ ಕವಿದಾಗ ದ್ರಾಕ್ಷಿ ಕಪ್ಪಾಗದಂತೆ ಅವಳ ಶೆಡ್ಡಿನಲ್ಲಿ ಬಿಸಿಗಾಳಿಯ ಒಲೆ ಉರಿಯುತ್ತದೆ. ಅದಕ್ಕೂ ಹೀಗೇ ನಂಬರುಗಳಿವೆ. ನಂಬರು ಬಂದ ಕೂಡಲೇ ಬಟನ್ ಒತ್ತುವಂತಿಲ್ಲ. ಯಾವ ನಂಬರು, ಎಷ್ಟು ಹೊತ್ತು ಉರಿದ ಮೇಲೆ ಬಂತು, ಆಗ ಏನೇನು ತೆರೆದಿತ್ತು, ಏನೇನು ಮುಚ್ಚಿತ್ತು ಎಂದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ ಮೇಲೆಯೇ ಒತ್ತಬೇಕು. ಬರೆಯದೆ ಒತ್ತಿದವರ ಜನ್ಮ ಜಾಲಾಡುತ್ತಾಳೆ.

‘ಸೆನ್ಸರ್ ಕೆಟ್ಟೈತಿ ಅಂತಿಯಲ್ಲ ತಮ್ಮಾ, ಅದು ಏನ್ ನೋಡ್ತೈತಿ?’ ಎಂದಳು.

ನನಗೆ ಗೊತ್ತಿರಲಿಲ್ಲ. ಗೀಸರಿನ ಪುಸ್ತಕ ಎಲ್ಲಿಟ್ಟಿದ್ದೆನೋ ದೇವರೇ ಬಲ್ಲ. ಮಾಸ್ತರಿಕೆಯ ಗತ್ತಿನಲ್ಲಿ ರಿಪೇರಿಯವನಿಗೆ ಎಲ್ಲ ತಿಳಿದಿದೆ ಎಂದು ಬಾಯಿ ಮುಚ್ಚಿಸಲು ನೋಡಿದೆ. ಅಕ್ಕ ನನ್ನ ಫೋನ್ ಕಸಿದುಕೊಂಡು ಅವನಿಗೇ ಕೇಳಿದಳು. ಖೋಲಿಯಲ್ಲಿ ಚಲೋ ಗಾಳಿ ಕಡಿಮೆಯಾದರೆ ಅದು ಗ್ಯಾಸು ಬಂದ್ ಮಾಡುತ್ತದೆ ಎಂದನಂತೆ ಅವನು.

‘ಹಂಗಾರ ಅದು ಕೆಟ್ಟಿಲ್ಲಲೇ. ಅದರ ಕೆಲಸಾ ಅದು ಮಾಡಾಕತ್ತೈತಿ.’

ಅಷ್ಟಕ್ಕೇ ನಂಬುವ ಹೆಂಗಸಲ್ಲ ಅವಳು. ಮಧ್ಯಾಹ್ನ ಬಚ್ಚಲನ್ನೇ ಶೆಡ್ಡು ಮಾಡಿಕೊಂಡಳು. ಒಳಗೆ ಯಾರನ್ನೂ ಬಿಡದೆ ನೀರು ಬಕೆಟ್ಟಿಗೆ ಬಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದಳು. ಕಿಟಕಿ, ಬಾಗಿಲು ಎರಡೂ ತೆರೆದಾಗ ಗೀಸರು ನಿಲ್ಲಲಿಲ್ಲ. ಬಾಗಿಲಷ್ಟೇ ಹಾಕಿದಾಗಲೂ ನಿಲ್ಲಲಿಲ್ಲ. ಕೌದಿ, ಗೋಣಿಚೀಲ ಎರಡನ್ನೂ ತುರುಕಿ ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನ ಉರಿಯ ಸದ್ದು ನಿಂತಿತು. ಬಾಗಿಲು ಪೂರಾ ತೆರೆದಿಟ್ಟು, ತಡೆದು ಇಣುಕಿದರೆ ಇ-ಐದು. ಎಲ್ಲವನ್ನೂ ನನ್ನದೇ ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದಳು. ವರ್ಷಾ ವರ್ಷಾ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ಮಕ್ಕಳಿಗೆ ಪಾಠ ಹೇಳುವ ನಾನು ಅದನ್ನು ಬಾಯಿ ಬಿಟ್ಟುಕೊಂಡು ಓದಿದೆ. ಎಂಥ ಮಾಸ್ತರನೋ ನಾನು!

ಅಕ್ಕ ಕೈ ತೊಳೆದುಕೊಂಡು ಮಗಳು ಮಲಗಿದ್ದ ಖೋಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ತನಗೆ ಬೆಳಿಗ್ಗೆ ಬಚ್ಚಲಿನಿಂದ ಬಂದಾಗ ಹಣೆ ಹಿಡಿದಂತಾಗಿತ್ತು ಎಂದು ಹೇಳಿ, ನಿನಗೂ ಹಾಗೇನಾದರೂ ಆಗುತ್ತದೇನು ಎಂದು ಕೇಳಿದಳು.

‘ಮೂರು ದಿನಾ ಆತು ಅತ್ತಿ. ನೀರ ಎರಕೊಂಡ ಮ್ಯಾಲ ತಲಿ ಸಿಡೀತೈತಿ, ಕಣ್ಣಿಗೆ ಕತ್ತಲಿ ಬರ್ತೈತಿ. ಬಾಣಂತನ ಅಂದ್ರ ಹಿಂಗ ಅನ್ಕೊಂಡಿದ್ದೆ.’

ಕೂಸನ್ನೂ ಅದೇ ಬಚ್ಚಲಿನಲ್ಲಿ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದರು. ಇಬ್ಬರನ್ನೂ ಉಳಿಸುತ್ತಿದ್ದ ಆ ಒಂದು ವಸ್ತುವನ್ನು ಕಿತ್ತೊಗೆಯಲು ನಾನು ಬಾಯಾರೆ ಹೇಳಿದ್ದೆ. ಬರಬೇಡ ಎಂದು ರಿಪೇರಿಯವನಿಗೆ ಅಕ್ಕನೇ ಫೋನ್ ಹಚ್ಚಿ ಹೇಳಿದಳು.

ಆಗಲೇ ಆಟೋ ಕರೆಸಿ ತಾಯಿ, ಕೂಸು ಇಬ್ಬರನ್ನೂ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಇಬ್ಬರನ್ನೂ ಚೆನ್ನಾಗಿ ನೋಡಿ, ಏನೂ ಆಗಿಲ್ಲ ಎಂದರು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸು ಉರಿದರೆ ವಿಷಗಾಳಿ ತುಂಬುತ್ತದೆ ಎಂದು ಆಮೇಲೆ ನನಗೆ ಬೈದರು, ಮನಸಾರೆ ಬೈದರು. ಗೀಸರನ್ನು ಹಿತ್ತಲಿನ ಹೊರಗೋಡೆಗೆ ಹಾಕಿಸುವವರೆಗೆ ಒಲೆಯ ಮೇಲೆ ನೀರು ಕಾಯಿಸಿ ಹೊತ್ತೊಯ್ದೆ.

ಮರುದಿನ ಅಕ್ಕ ನೀರೆರೆಯುವಾಗ ನಾನು ಬಚ್ಚಲಿನ ಬಾಗಿಲ ಹೊರಗೇ ನಿಂತೆ. ‘ಯವ್ವಾ, ತಲಿ ನೋಯಾಕತ್ತೈತೇನು?’ ಎಂದು ಕೂಗಿದೆ. ಇಲ್ಲಪ್ಪಾ ಎಂದಳು ಮಗಳು. ಒಂದು ಚೆಂಬು ನೀರು ಬೀಳುವಷ್ಟರಲ್ಲಿ ಮತ್ತೆ ಕೇಳಿದೆ. ಅಕ್ಕ ಒಳಗಿನಿಂದಲೇ ಬೈದಳು. ಬೈಸಿಕೊಂಡು ಮತ್ತೊಮ್ಮೆ ಕೇಳಿದೆ.